ಮುಳಶಿ ಗುಡ್ಡದ ಮೇಲೆ ಮರುಭೂಮಿ ಮನೆ ಆಗುತ್ತಾ?

ಪ್ರಶ್ನೆ: ನಾವು ಧಾರವಾಡದವರು, ಈಗ ಪುಣೆಯ ಕೋಥ್ರೂಡ್‌ನಲ್ಲಿದ್ದೇವೆ. ಮುಳಶಿ ಕಡೆ ಗುಡ್ಡದ ಇಳಿಜಾರಿನಲ್ಲಿ ಜಾಗ ತಗೊಂಡಿದ್ದೇವೆ. ಎಲ್ಲಿ ನೋಡಿದರೂ ಕರಿ ಬಂಡೆ. ಅಮೆರಿಕದ ಮರುಭೂಮಿ ಮನೆಗಳ ಹಾಗೆ ನೆಲದಲ್ಲೇ ಬೆರೆತುಹೋಗುವ ಮನೆ ಬೇಕು. ಮಣ್ಣುಬಣ್ಣದ ಗೋಡೆ, ಚಪ್ಪಟೆ ತಾರಸಿ ಅಂದುಕೊಂಡಿದ್ದೇವೆ. ಸರಿಯಾಗುತ್ತಾ?

ಉತ್ತರ: ಆ ಮನೆಗಳ ರೂಪ ಬಿಡಿ, ಕಟ್ಟಿದ ರೀತಿ ತಗೊಳ್ಳಿ. ಆಗ ಸರಿಯಾಗುತ್ತದೆ.

ಅಮೆರಿಕದ ಮರುಭೂಮಿ ರಾಜ್ಯ ಅರಿಜೋನಾದ ಸ್ಕಾಟ್ಸ್‌ಡೇಲ್‌ನಲ್ಲಿ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1937ರಲ್ಲಿ ಟ್ಯಾಲೀಸಿನ್ ವೆಸ್ಟ್ ಎಂಬ ತಮ್ಮ ಚಳಿಗಾಲದ ಮನೆ, ಸ್ಟುಡಿಯೋ ಕಟ್ಟಲು ಜಾಗ ಕೊಂಡರು. ಅಲ್ಲೇ ಬಿದ್ದಿದ್ದ ಕಲ್ಲುಗಳನ್ನು ಕೆತ್ತದೆ, ಚಪ್ಪಟೆ ಮುಖ ಹೊರಗೆ ಬರುವ ಹಾಗೆ ಮರದ ಅಚ್ಚಿನಲ್ಲಿ ಜೋಡಿಸಿ, ಹಿಂದೆ ಕಾಂಕ್ರೀಟ್ ತುಂಬಿದರು. ಗುಡ್ಡಕ್ಕೂ ಗೋಡೆಗೂ ಒಂದೇ ಕಲ್ಲು. ಮಾಡಿಗೆ ಮೊದಲು ಹಾಕಿದ್ದು ಕ್ಯಾನ್ವಾಸ್! ವರ್ಷಕ್ಕೆ 200–250 ಮಿ.ಮೀ. ಮಳೆ ಬೀಳುವ ಊರಲ್ಲಿ ಹಾಗೆ ಮಾಡಬಹುದು. ಪುಣೆ ಊರಲ್ಲೇ 700 ದಾಟುತ್ತದೆ. ಮುಳಶಿ ಆಚೆಯ ತಾಮ್ಹಿಣಿ ಘಾಟಿನಲ್ಲಿ 5000 ಮೀರಿದ ವರ್ಷಗಳಿವೆ. ಅಲ್ಲಿ ಚಪ್ಪಟೆ ತಾರಸಿ ಅಂದರೆ ವಾಟರ್‌ಪ್ರೂಫಿಂಗ್‌ನವರಿಗೆ ವರ್ಷಾಸನ ಕೊಟ್ಟ ಹಾಗೆ. ಮಣ್ಣುಬಣ್ಣದ ಗೋಡೆಯೂ ಬೇಗ ಪಾಚಿ ಹಿಡಿದು ಕಪ್ಪಾಗುತ್ತದೆ. ಮಾಡು ಗುಡ್ಡ ಇಳಿಯುವ ಕಡೆಗೇ ಇಳಿಯಲಿ, ಸೂರು ಚೆನ್ನಾಗಿ ಮುಂದೆ ಚಾಚಲಿ.

ನಿಮ್ಮ ಕರಿ ಬಂಡೆ ಬಸಾಲ್ಟ್, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಗಟ್ಟಿಯಾದ ಲಾವಾ. ಪಾಯ ತೋಡಿದಾಗ ಬರುವ ಕಲ್ಲನ್ನು ಲಾರಿಯಲ್ಲಿ ಸಾಗಿಸಿ, ಆಮೇಲೆ ಕಲ್ಲು ಬೇಕು ಅಂತ ನಿಮಗೇ ಬಿಲ್ ಹಾಕುವವರಿದ್ದಾರೆ. ಗುತ್ತಿಗೆದಾರರಿಗೆ ಮೊದಲೇ ಹೇಳಿ: ದೊಡ್ಡದು ಪ್ಲಿಂತ್‌ಗೆ (ನೆಲಮಟ್ಟದ ಮೇಲಿನ ಪೀಠಕ್ಕೆ), ಚಿಕ್ಕದು ತಡೆಗೋಡೆಗೆ, ಮುರುಮು ಅಂದರೆ ಪುಡಿಯಾದ ಬಂಡೆಮಣ್ಣು ದಾರಿಗೆ, ಏನೂ ಗೇಟು ದಾಟಬಾರದು. ಕೊಂಕಣದ ಜಂಬಿಟ್ಟಿಗೆ ಚಂದವೇ. ಆದರೆ ಕರಿ ಬಂಡೆಗಳ ಮಧ್ಯೆ ಆ ಕೆಂಪು ಎದ್ದು ಕಾಣುತ್ತದೆ. ನಿಮಗೆ ಬೇಕಾದದ್ದು ಅದರ ಉಲ್ಟಾ, ಅಲ್ವಾ?

ಇನ್ನು ಬಣ್ಣ. ಮಳೆಗಾಲದಲ್ಲಿ ಈ ಗುಡ್ಡ ಹಚ್ಚಹಸಿರು, ದೀಪಾವಳಿ ಕಳೆದ ಮೇಲೆ ಒಣಹುಲ್ಲಿನ ಬಣ್ಣ. ಎರಡರ ಹಿಂದೆಯೂ ಹೋಗಬೇಡಿ. ಬದಲಾಗದೆ ಉಳಿಯುವುದು ಕಲ್ಲು, ಅದರ ಬೂದುಕಂದು ಹಿಡಿಯಿರಿ. ನೀವಂದುಕೊಂಡದ್ದಕ್ಕಿಂತ ಸ್ವಲ್ಪ ಗಾಢವೇ ಇರಲಿ. ಸ್ಕಾಟ್ಸ್‌ಡೇಲ್‌ನ ಗುಡ್ಡಗಾಡಿನಲ್ಲಿ ಹೊರಗೋಡೆಯ ಬಣ್ಣ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇ 35ಕ್ಕಿಂತ ಜಾಸ್ತಿ ವಾಪಸ್ ಚೆಲ್ಲಬಾರದು ಎಂಬ ನಿಯಮವೇ ಇದೆ. ಶೇಡ್ ಕಾರ್ಡ್ ನೋಡಿ ಸುಮ್ನೆ ಆರಿಸಬೇಡಿ. ದೊಡ್ಡ ಹಲಗೆಗೆ ಬಳಿದು ಜಾಗದಲ್ಲಿ ನಿಲ್ಲಿಸಿ, ನಡುಮಧ್ಯಾಹ್ನ ಕೆಳಗಿನ ರಸ್ತೆಯಿಂದ ನೋಡಿ. ಗಾಢ ಗೋಡೆ ಏಪ್ರಿಲ್‌ನಲ್ಲಿ ಕಾಯುತ್ತದೆ, ಅದಕ್ಕೆ ಪಶ್ಚಿಮದ ಕಡೆ ಜಗಲಿ ಬೇಕೇ ಬೇಕು.

ಜೆಸಿಬಿ ಕರೆಸುವ ಮುಂಚೆ ಕಂಟೂರ್ ಸರ್ವೆ, ಅಂದರೆ ಜಾಗದ ಏರುತಗ್ಗಿನ ಅಳತೆ ಮಾಡಿಸಿ. ಇಳಿಜಾರು 1:5ಕ್ಕಿಂತ (ಐದು ಅಡಿ ಮುಂದಕ್ಕೆ ಒಂದು ಅಡಿ ಇಳಿತ) ಕಡಿದಾಗಿದ್ದರೆ ಪರವಾನಗಿಯೇ ಕಷ್ಟ. ಗುಡ್ಡದ ನೆತ್ತಿಯ ಮೇಲೆ ಕೂತ ಮನೆಯನ್ನು ಯಾವ ಬಣ್ಣವೂ ಮರೆಸುವುದಿಲ್ಲ. ಸ್ವಲ್ಪ ಕೆಳಗೆ, ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿ. ತಡೆಗೋಡೆಯ ಹಿಂದೆ ಜಲ್ಲಿ ತುಂಬಿ, ನೀರು ಹೊರಬರಲು ತೂತು ಬಿಡಿ.

ಒಂದು ವಿಷಯದಲ್ಲಿ ಮಾತ್ರ ಬೆರೆತುಹೋಗುವ ಆಸೆ ಬೇಡ. ಫೆಬ್ರವರಿಯಿಂದ ಒಣಹುಲ್ಲಿಗೆ ಬೆಂಕಿ ಬೀಳುತ್ತದೆ, ಅಲ್ಲಿನವರು ಅದನ್ನು ವಣವಾ ಅನ್ನುತ್ತಾರೆ. ಗೋಡೆಯವರೆಗೂ ಹುಲ್ಲು ಬಿಡಬೇಡಿ, ಸುತ್ತಲೂ ಬರೀ ಜಲ್ಲಿಯ ಪಟ್ಟಿ ಇರಲಿ. ಬೆಂಕಿ ಇಳಿಜಾರು ಹತ್ತುವಾಗ ಓಡುತ್ತದೆ, ಹಾಗಾಗಿ ಕೆಳಗಿನ ಕಡೆ ಪಟ್ಟಿ ಇನ್ನೂ ಅಗಲವಾಗಿರಲಿ.