ಆರು ತಿಂಗಳ ಹಳೆಯ ಎಕ್ಸ್‌-ರೇ ಸಾಕಾ?

"ಆರು ತಿಂಗಳ ಹಿಂದೆ ತೆಗೆಸಿದ್ವಿ ಡಾಕ್ಟ್ರೇ, ಸ್ವಲ್ಪ ಸವೆದಿದೆ ಅಷ್ಟೇ ಅಂದ್ರು." ಮಗ ಸೊಂಟದ ಕೀಲಿನ ಹಳೆಯ ಎಕ್ಸ್‌-ರೇ ಮೇಜಿನ ಮೇಲಿಟ್ಟರು. ಪಕ್ಕದ ವೀಲ್‌ಚೇರಿನಲ್ಲಿ 70 ದಾಟಿದ ಅವರ ತಾಯಿ. ಹಳೆಯದರಲ್ಲಿ ನಿಜಕ್ಕೂ ಅಷ್ಟೇ ಇತ್ತು. ಆದರೆ ಆ ನೋವಿಗೂ ಆ ಚಿತ್ರಕ್ಕೂ ತಾಳೆಯಾಗಲಿಲ್ಲ. ಹೊಸದಾಗಿ ತೆಗೆಸಿದೆ. ತೊಡೆಮೂಳೆಯ ಮೇಲ್ತುದಿಯ ಚೆಂಡಿನಲ್ಲಿ ಅರ್ಧ ಭಾಗವೇ ಇರಲಿಲ್ಲ.

ಸೊಂಟದ ಕೀಲು ಸಾಮಾನ್ಯವಾಗಿ ನಿಧಾನಕ್ಕೆ, ವರ್ಷಗಟ್ಟಲೆ ಸವೆಯುತ್ತದೆ. ಚೆಂಡಿಗೂ ಅದು ಕೂರುವ ಬಟ್ಟಲಿಗೂ ನಡುವಿನ ಜಾಗ ಒಂದೇ ವರ್ಷದಲ್ಲಿ 2 ಮಿಲಿಮೀಟರಿಗಿಂತ ಜಾಸ್ತಿ ಅಥವಾ ಅರ್ಧಕ್ಕಿಂತ ಜಾಸ್ತಿ ಕಡಿಮೆಯಾದರೆ ಅದು ಬೇರೆಯೇ ಕಥೆ, ಸೊಂಟದ ಕೀಲು ಬಹಳ ಬೇಗ ನಾಶವಾಗುವ ಕಾಯಿಲೆ. ಫ್ರಾನ್ಸಿನ ವೈದ್ಯರಾದ ಪೋಸ್ಟೆಲ್ ಮತ್ತು ಕೆರ್ಬೂಲ್ ಇದನ್ನು 1970ರಲ್ಲಿ ವಿವರಿಸಿದರು. ವಯಸ್ಸಾದ ಹೆಂಗಸರಲ್ಲಿ ಜಾಸ್ತಿ, ಹೆಚ್ಚಾಗಿ ಒಂದೇ ಕಡೆ.

ನಮ್ಮ ಭಾಷೆಯದ್ದೂ ಒಂದು ತೊಡಕಿದೆ. "ಸೊಂಟ ನೋವು" ಅಂದರೆ ಬೆನ್ನಿನ ಕೆಳಭಾಗದ ಎಕ್ಸ್‌-ರೇ ಬರೆದುಕೊಡುತ್ತಾರೆ. ಈ ಕೀಲಿನ ನೋವು ಇರುವುದು ತೊಡೆಸಂದಿನಲ್ಲಿ. ಕೆಲವರಿಗೆ ಮಂಡಿಯಲ್ಲಿ ಮಾತ್ರ! ಎಲ್ಲಿ ಅಂತ ಬೆರಳಿಟ್ಟು ತೋರಿಸಿ.

ಯಾಕೆ ಹೀಗಾಗುತ್ತದೆ? ಒಂದೇ ಕಾರಣ ಹೇಳಲು ಬರುವುದಿಲ್ಲ. ನಾನು ಮೊದಲು ಅನುಮಾನಿಸುವುದು ಟೊಳ್ಳಾದ ಮೂಳೆಯನ್ನು. ಕಾರ್ಟಿಲೇಜಿನ, ಅಂದರೆ ಕೀಲಿನ ನುಣುಪಾದ ಹೊದಿಕೆಯ, ಕೆಳಗಿನ ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಅದಕ್ಕೆ ಬೀಳಲೇಬೇಕೆಂದಿಲ್ಲ, ಸುಮ್ನೆ ನಡೆದಾಡುವ ಭಾರವೇ ಸಾಕು. ಎಕ್ಸ್‌-ರೇಯಲ್ಲಿ ಆರಂಭದಲ್ಲಿ ಏನೂ ಕಾಣದೇ ಇರಬಹುದು, ಎಂಆರ್‌ಐಯಲ್ಲಿ ಕಾಣುತ್ತದೆ. ಬಿರುಕಿನ ಮೇಲೆ ಭಾರ ಬೀಳುತ್ತಲೇ ಹೋದರೆ ಚೆಂಡು ಕುಸಿಯುತ್ತದೆ. ಪುಡಿಯಾದ ಚೂರುಗಳು ಒಳಪೊರೆಯನ್ನು ಕೆರಳಿಸುತ್ತವೆ. ಮೂಳೆ ತಿನ್ನುವ ಜೀವಕೋಶಗಳು ಚುರುಕಾಗುತ್ತವೆ. ಬೆನ್ನು ಬಾಗಿದವರಲ್ಲಿ ಸೊಂಟದ ಮೂಳೆಗಳ ಬುಟ್ಟಿ ಹಿಂದಕ್ಕೆ ವಾಲಿ, ಚೆಂಡಿನ ಮುಂಭಾಗಕ್ಕೆ ಬಟ್ಟಲಿನ ಆಸರೆ ತಪ್ಪುತ್ತದೆ. ಆಗ ಭಾರವೆಲ್ಲ ಚಿಕ್ಕ ಜಾಗದ ಮೇಲೆ.

ಕೀಲಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ನಿನ ನಂತರವೂ ಹೀಗಾದದ್ದು ವರದಿಯಾಗಿದೆ. ಇಂಜೆಕ್ಷನ್ನೇ ಕೆಡಿಸಿತೋ, ಕೆಡುತ್ತಿದ್ದ ಕೀಲಿಗೇ ಇಂಜೆಕ್ಷನ್ ಬಿತ್ತೋ ಅಂತ ಬಿಡಿಸಿ ಹೇಳುವುದು ಕಷ್ಟ. ಹಾಗಾಗಿ ಸೊಂಟದ ಕೀಲಿಗೆ ಪದೇ ಪದೇ ಚುಚ್ಚುವುದು ನನಗೆ ಇಷ್ಟವಿಲ್ಲ. ಟ್ಯಾನೆಜುಮ್ಯಾಬ್ ಅಂತ ಒಂದು ನೋವಿನ ಔಷಧ ಪ್ರಯೋಗದಲ್ಲಿತ್ತು. ನೋವೇನೋ ಇಳಿಯಿತು, ಕೆಲವರ ಕೀಲು ಬೇಗ ಹಾಳಾಯಿತು. 2021ರಲ್ಲಿ ಅದನ್ನು ಕೈಬಿಟ್ಟರು.

ಚಿಕಿತ್ಸೆಗೆ ಮೊದಲು ಸೋಂಕು ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು, ಇದರಲ್ಲಿ ರಾಜಿ ಇಲ್ಲ. ಕೀವಾದ ಕೀಲೂ ಹೀಗೇ ಕರಗುತ್ತದೆ. ಉರಿಯೂತ ತೋರಿಸುವ ರಕ್ತಪರೀಕ್ಷೆಗಳಾದ ಇಎಸ್‌ಆರ್, ಸಿಆರ್‌ಪಿ ಏರಿದ್ದರೆ ಅಥವಾ ಅನುಮಾನವಿದ್ದರೆ ಕೀಲಿನ ನೀರು ತೆಗೆದು ಪರೀಕ್ಷಿಸುತ್ತೇವೆ. ರಕ್ತ ಸಂಚಾರ ನಿಂತು ಸತ್ತ ಮೂಳೆ, ಸಂಧಿವಾತ, ನರದ ಕಾಯಿಲೆಯಿಂದ ಕೆಟ್ಟ ಕೀಲು ಇವನ್ನೂ ನೋಡಬೇಕು.

ಚೆಂಡು ಕುಸಿಯುವ ಮೊದಲೇ ಬಿರುಕು ಸಿಕ್ಕರೆ ಭಾರ ತಪ್ಪಿಸಿ ನೋಡಬಹುದು. ವಾಕರ್, ಇಲ್ಲವೇ ನೋವಿಲ್ಲದ ಕಡೆಯ ಕೈಯಲ್ಲಿ ಕೋಲು. ಬಹಳ ಜನ ನೋವಿರುವ ಕಡೆಯೇ ಹಿಡಿಯುತ್ತಾರೆ, ಅದು ತಪ್ಪು. ಜೊತೆಗೆ ವಿಟಮಿನ್ ಡಿ ಕೊರತೆಗೂ ಮೂಳೆ ಟೊಳ್ಳಾಗಿರುವುದಕ್ಕೂ ಔಷಧ. ಎಲ್ಲರಿಗೂ ಇದು ಫಲಿಸುವುದಿಲ್ಲ.

ಕುಸಿದ ಮೇಲೆ ಪೂರ್ತಿ ಕೀಲು ಬದಲಿಸುವುದೇ ದಾರಿ. ನೋವು ಚೆನ್ನಾಗಿ ಇಳಿಯುತ್ತದೆ. ಆದರೆ ತಡವಾದಷ್ಟೂ ಬಟ್ಟಲಿನ ಮೂಳೆಯೂ ಕರಗಿ, ಕಾಲು ಗಿಡ್ಡವಾಗಿ, ಆಪರೇಷನ್ ಕಷ್ಟವಾಗುತ್ತದೆ. ಮೂಳೆ ತುಂಬಬೇಕಾಗಬಹುದು, ರಕ್ತವೂ ಜಾಸ್ತಿ ಹೋಗಬಹುದು. ಇತ್ತೀಚೆಗೆ ಸ್ಟೀರಾಯ್ಡ್ ಚುಚ್ಚಿಸಿಕೊಂಡಿದ್ದರೆ ಮೊದಲೇ ಹೇಳಿ. ಸೋಂಕಿನ ಭಯಕ್ಕೆ ಸಾಮಾನ್ಯವಾಗಿ 3 ತಿಂಗಳು ಕಾಯುತ್ತೇವೆ.

ಹಾಗೆ ಕಾಯಿಸಿದ ಮೇಲೂ ನಾನು ಹಳೆಯ ಅಳತೆ ಹಿಡಿದು ಥಿಯೇಟರಿಗೆ ಹೋಗುವುದಿಲ್ಲ. ಆಪರೇಷನ್ನಿಗೆ ಮುಂಚೆ ಇನ್ನೊಂದು ಎಕ್ಸ್‌-ರೇ ತೆಗೆಸುತ್ತೇನೆ. ಆ ತಾಯಿಯ ಮಗ "ಮತ್ತೆ ಯಾಕೆ?" ಅಂತ ಕೇಳಲಿಲ್ಲ.