ಕಾಗೆ ಬಾಯಿ ತೆರೆದದ್ದು ಯಾವ ಮಾತಿಗೆ?

ಮೂರನೇ, ನಾಲ್ಕನೇ ತರಗತಿಯಲ್ಲಿ ಕಾಗೆ–ನರಿಯ ಕಥೆ ಹೇಳಿ "ನೀತಿ ಏನು?" ಎಂದು ಕೇಳಿದರೆ ಮಕ್ಕಳು ಒಂದೇ ರಾಗದಲ್ಲಿ "ಹೊಗಳಿಕೆಗೆ ಮರುಳಾಗಬಾರದು" ಅನ್ನುತ್ತಾರೆ. ಅದೇ ಕಥೆಯನ್ನು ನಾಟಕ ಆಡಿಸಲು ಹೊರಟರೆ ಎಲ್ಲರಿಗೂ ನರಿಯ ಪಾತ್ರವೇ ಬೇಕು. ಮಕ್ಕಳ ಶಿಕ್ಷಣದ ಬಗ್ಗೆ 1762ರಲ್ಲಿ ಬಂದ ‘ಎಮಿಲ್’ ಪುಸ್ತಕದಲ್ಲಿ ಚಿಂತಕ ರೂಸೋ ಎತ್ತಿದ ಆಕ್ಷೇಪವೂ ಇದೇ: ಮಕ್ಕಳು ಕಾಗೆಯನ್ನು ಕಂಡು ನಗುತ್ತಾರೆ, ನರಿಯನ್ನು ಮೆಚ್ಚುತ್ತಾರೆ. ಅವನು ಸಾಲುಸಾಲಾಗಿ ಬಿಡಿಸಿ ನೋಡಿದ್ದು ಫ್ರೆಂಚ್ ಕವಿ ಲಾ ಫೊಂಟೇನ್ ಇದೇ ಕಥೆಯ ಮೇಲೆ 1668ರಲ್ಲಿ ಪ್ರಕಟಿಸಿದ ಪದ್ಯವನ್ನು. ಆಕ್ಷೇಪ ಸರಿಯಾದದ್ದೇ. ಹಾಗೆಂದು ಕಥೆಯನ್ನೇ ಬಿಡಬೇಕಿಲ್ಲ, ಹೇಳುವ ಬಗೆ ಬದಲಾದರೆ ಸಾಕು.

ಇದನ್ನು ಪಂಚತಂತ್ರದ ಕಥೆ ಎಂದು ಹೇಳುವವರು ಬಹಳ. ಅಲ್ಲ, ಇದು ಈಸೋಪನ ಹೆಸರಿನಲ್ಲಿ ಬಂದ ಗ್ರೀಕ್ ಕಥೆ. ಅಲ್ಲಿ ಕಾಗೆಯ ಬಾಯಲ್ಲಿ ಮಾಂಸದ ತುಂಡು; ಲ್ಯಾಟಿನ್ ಕವಿ ಫೀಡ್ರಸ್‌ನಲ್ಲಿ ಕಿಟಕಿಯಿಂದ ಕದ್ದ ಚೀಸ್; ತಮಿಳರಲ್ಲಿ ಅಜ್ಜಿ ಕರಿದ ವಡೆ; ನಮ್ಮಲ್ಲಿ ಹೆಚ್ಚಾಗಿ ರೊಟ್ಟಿ ಚೂರು. ತಿನಿಸು ಯಾವುದಾದರೂ ಇರಲಿ, ಕಥೆಗೆ ನಷ್ಟವಿಲ್ಲ. ನರಿಯ ಮಾತು ಕೆಟ್ಟರೆ ಮಾತ್ರ ಕಥೆಯೇ ಕೆಡುತ್ತದೆ.

ನಮ್ಮಲ್ಲಿ ಸಾಮಾನ್ಯವಾಗಿ ನರಿ "ನಿನ್ನ ಕಂಠ ಎಷ್ಟು ಇಂಪು! ಒಂದು ಹಾಡು ಹಾಡು" ಅನ್ನುತ್ತದೆ. ಇದು ಹಸಿ ಸುಳ್ಳು, ಮೇಲೊಂದು ಬೇಡಿಕೆ. ಇದನ್ನು ನಂಬುವ ಕಾಗೆ ದಡ್ಡ ಎಂದು ಮಕ್ಕಳು ಅಲ್ಲೇ ತೀರ್ಮಾನಿಸಿಬಿಡುತ್ತಾರೆ. ಫೀಡ್ರಸ್‌ನ ನರಿ ಹಾಡು ಅಂತ ಕೇಳುವುದೇ ಇಲ್ಲ. ಮೊದಲು ರೆಕ್ಕೆಯ ಹೊಳಪನ್ನು ಹೊಗಳುತ್ತದೆ. ಅದು ನಿಜ, ಬಿಸಿಲಲ್ಲಿ ಕಾಗೆಯ ಕಪ್ಪು ನೀಲಿಯಾಗಿ ಮಿನುಗುತ್ತದೆ. ಆಮೇಲೆ ಮೈಕಟ್ಟು, ಮುಖ. ಇದು ಅರ್ಧ ನಿಜ. ಮೂರನೆಯ ಮಾತು ಹೊಗಳಿಕೆಯೇ ಅಲ್ಲ: "ನಿನಗೊಂದು ದನಿಯೂ ಇದ್ದಿದ್ದರೆ ನಿನ್ನನ್ನು ಮೀರಿಸುವ ಹಕ್ಕಿ ಇರುತ್ತಿರಲಿಲ್ಲ." ಕಾಗೆಯನ್ನು ಕೆಡವುವುದು ಆ ‘ಇದ್ದಿದ್ದರೆ’. ಹೊಗಳಿಕೆಗಾದರೆ ಬಾಯಿ ಮುಚ್ಚಿಕೊಂಡೇ ಬೀಗಬಹುದು. ದನಿಯಿಲ್ಲ ಅನ್ನಿಸಿಕೊಂಡ ಮೇಲೆ ಸುಮ್ಮನಿರುವುದು ಕಷ್ಟ. ಗ್ರೀಕ್ ರೂಪದಲ್ಲೂ ಹೀಗೆಯೇ: ದನಿ ಇದ್ದಿದ್ದರೆ ನೀನೇ ಪಕ್ಷಿರಾಜ.

ಹೋಲಿಸಿ ನೋಡಲು ಬೌದ್ಧರ ಜಾತಕ ಕಥೆಗಳಲ್ಲಿ ಒಂದಾದ ಜಂಬುಖಾದಕ ಜಾತಕ ಚೆನ್ನಾಗಿದೆ. ಅಲ್ಲಿ ನೇರಳೆ ಮರದ ಮೇಲಿನ ಕಾಗೆಯ ದನಿಯನ್ನು ನರಿ ಹೊಗಳುತ್ತದೆ, ಕಾಗೆ ತಾನೂ ನರಿಯನ್ನು ಹುಲಿಮರಿಗೆ ಹೋಲಿಸಿ ಕೊಂಬೆ ಅಲುಗಿಸಿ ಹಣ್ಣು ಉದುರಿಸುತ್ತದೆ. ಮೋಸ ಹೋದವರು ಯಾರೂ ಇಲ್ಲ, ಇಬ್ಬರೂ ಸುಳ್ಳಾಡಿದ್ದಾರೆ. ಕೊನೆಗೆ ಮರದ ದೇವತೆ ಇಬ್ಬರನ್ನೂ ಓಡಿಸುತ್ತದೆ. ನಾಲ್ಕನೇ ತರಗತಿಯ ಮಕ್ಕಳಿಗೆ ಮಾರನೆಯ ದಿನ ಇದನ್ನು ಹೇಳಿ, "ಈಗ ಯಾರ ತಪ್ಪು?" ಎಂದು ಕೇಳಿದರೆ ಚರ್ಚೆ ತಾನಾಗಿ ಏಳುತ್ತದೆ.

ಹೇಳುವುದಕ್ಕೆ ಐದಾರು ನಿಮಿಷ ಸಾಕು, ಅದರಲ್ಲಿ ಅರ್ಧದಷ್ಟನ್ನು ನರಿಯ ಮೂರು ಮಾತಿಗೆ ಕೊಡಿ. ಒಂದೊಂದು ಮಾತಾದ ಮೇಲೂ ನಿಲ್ಲಿಸಿ ಕಾಗೆ ಏನು ಮಾಡಿತು ಎಂದು ತೋರಿಸಿ: ಮೊದಲನೆಯದಕ್ಕೆ ಕತ್ತು ಓರೆಯಾಯಿತು, ಎರಡನೆಯದಕ್ಕೆ ಎದೆ ಉಬ್ಬಿತು, ಮೂರನೆಯದಕ್ಕೆ ಕೊಕ್ಕು ತೆರೆಯಿತು. ಶಿಕ್ಷಕರು ಸಾಮಾನ್ಯವಾಗಿ ಎಡವುವುದು ದನಿಯಲ್ಲಿ. ನರಿಗೆ ಎಳೆದೆಳೆದು ಆಡುವ ಕಳ್ಳದನಿ ಕೊಟ್ಟರೆ ಮೊದಲ ಪದಕ್ಕೇ ಅದು ಮೋಸಗಾರ ಎಂದು ಗೊತ್ತಾಗುತ್ತದೆ. ಹೊಗಳಿ ಹೊನ್ನಶೂಲಕ್ಕೇರಿಸುವವರು ನಿಜವಾಗಿ ಆ ದನಿಯಲ್ಲಿ ಮಾತಾಡುವುದಿಲ್ಲ. ನೆರೆಮನೆಯವರು ಮಾತಾಡಿದ ಹಾಗೆ, ತಗ್ಗಿದ ದನಿಯಲ್ಲಿ ಹೇಳಿ. ಕೇಳುವ ಮಗುವಿಗೂ ಒಂದು ಗಳಿಗೆ ಆ ಮಾತು ಹಿತವೆನಿಸಬೇಕು.

ಆಮೇಲೆ ಒಂದು ಚಟುವಟಿಕೆ. ಎರಡು ಬೆರಳಗಲದ ಕಾಗದದ ಚೂರನ್ನು ಪ್ರತಿಯೊಂದು ಮಗುವೂ ತುಟಿಗಳ ನಡುವೆ ಒತ್ತಿ ಹಿಡಿಯಲಿ. "ಮ್" ಎಂದು ಗುನುಗಲು ಹೇಳಿ, ಕಾಗದ ನಿಲ್ಲುತ್ತದೆ. "ಕಾ" ಅನ್ನಲು ಹೇಳಿ, ಬೀಳುತ್ತದೆ. ‘ಮ’ಕಾರಕ್ಕೆ ತುಟಿ ಮುಚ್ಚಬೇಕು, ‘ಕ’ ಗಂಟಲಿನಿಂದ ಬಂದರೂ ‘ಆ’ ಬಂದ ಕೂಡಲೇ ದವಡೆ ಕೆಳಗಿಳಿಯುತ್ತದೆ. ಈಗ ಇಬ್ಬಿಬ್ಬರನ್ನು ಜೋಡಿ ಮಾಡಿ. ಒಬ್ಬರು ಕಾಗದ ಹಿಡಿದಿರಲಿ, ಇನ್ನೊಬ್ಬರು ಒಂದು ನಿಮಿಷದೊಳಗೆ ಅವರ ಬಾಯಿ ತೆರೆಸಲಿ. ಮುಟ್ಟುವಂತಿಲ್ಲ, ನಗಿಸುವಂತಿಲ್ಲ, ಜಾತಿ, ಬಣ್ಣ, ಮನೆಯ ವಿಷಯ ಎತ್ತುವಂತಿಲ್ಲ. ಆಮೇಲೆ ಅದಲುಬದಲು. ಯಾವ ಮಾತಿಗೆ ಕಾಗದ ಬಿತ್ತೋ ಅದನ್ನು ಬೋರ್ಡಿನ ಮೇಲೆ ಬರೆಯಿರಿ. "ನೀನು ತುಂಬಾ ಜಾಣೆ" ಅನ್ನುವುದಕ್ಕಿಂತ "ಏಳನೇ ಮಗ್ಗಿ ನಿನಗೆ ಬರಲ್ಲ ಬಿಡು" ಅನ್ನುವಂಥ ಮಾತು ಬೇಗ ಬಾಯಿ ತೆರೆಸುತ್ತದೆ. ಇಲ್ಲಿ ಎಲ್ಲರೂ ಕಾಗೆಯಾಗಿಯೂ ನಿಂತಿರುತ್ತಾರೆ, ಹಾಗಾಗಿ ಕಾಗೆ ದಡ್ಡ ಎಂಬ ಮಾತು ಕಡಿಮೆಯಾಗುತ್ತದೆ.

"ಕಾಗೆ ರೊಟ್ಟಿಯನ್ನು ಕಾಲಲ್ಲಿ ಹಿಡಿದುಕೊಂಡು ಹಾಡಬಹುದಿತ್ತಲ್ಲ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ತಳ್ಳಿಹಾಕಬೇಡಿ. ಕಾಗೆಗಳು ತಿನಿಸನ್ನು ಕೊಂಬೆಗೆ ಒತ್ತಿ ಕಾಲಲ್ಲಿ ಹಿಡಿಯುವುದು ನಿಜವೇ. ಕೇಳಿದ ಮಗುವನ್ನೇ ಮುಂದಕ್ಕೆ ಕರೆದು, ರೊಟ್ಟಿ ಕಾಲಡಿ ಇರುವಾಗ ನರಿಯ ನಾಲ್ಕನೆಯ ಮಾತು ಏನಿರಬಹುದು ಎಂದು ಕೇಳಿ.