ರ‍್ಯಾಮ್ ದುಪ್ಪಟ್ಟು ಮಾಡಿದರೆ ಕಂಪ್ಯೂಟರ್ ವೇಗ ಹೆಚ್ಚುತ್ತದೆಯೇ?

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ರ‍್ಯಾಮ್ ಇದೆ, ಓಡುವುದು ವಿಂಡೋಸ್ 11. ಏನೂ ತೆರೆಯದೆ ಸುಮ್ಮನಿಟ್ಟರೂ ಟಾಸ್ಕ್ ಮ್ಯಾನೇಜರ್ ಶೇ 50ಕ್ಕಿಂತ ಹೆಚ್ಚು ಬಳಕೆ ತೋರಿಸುತ್ತದೆ. ಸಂಜೆಯ ಹೊತ್ತಿಗೆ ಬ್ರೌಸರ್ ತಡವರಿಸುತ್ತದೆ. 16 ಜಿಬಿಗೆ ಏರಿಸಿದರೆ ಸರಿಹೋದೀತೇ, ಇಲ್ಲ ದುಡ್ಡು ದಂಡವೇ?

ಉತ್ತರ: ತೆರೆದಿರುವ ಕೆಲಸಗಳ ಮಾಹಿತಿಯನ್ನು ಯಂತ್ರ ಕೈಗೆಟಕುವಂತೆ ಇಟ್ಟುಕೊಳ್ಳುವ ಜಾಗವೇ ರ‍್ಯಾಮ್. ಮೊದಲು ಆ ಶೇ 50ನ್ನು ಪಕ್ಕಕ್ಕಿಡಿ. ಅದೊಂದನ್ನೇ ನೋಡಿ ರ‍್ಯಾಮ್ ಸಾಲದು ಎನ್ನಲಾಗದು, ಸಾಕು ಎನ್ನಲೂ ಆಗದು. ಈಗಿನ ಆಪರೇಟಿಂಗ್ ಸಿಸ್ಟಂಗಳು ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ಚಾಚೂ ತಪ್ಪದೆ ಪಾಲಿಸುತ್ತವೆ. ಇದೇ ವಿಂಡೋಸನ್ನು 16 ಜಿಬಿ ಯಂತ್ರದಲ್ಲಿ ಹಾಕಿ ನೋಡಿ, ಏನೂ ತೆರೆಯದಿದ್ದಾಗಲೂ ನಿಮ್ಮದಕ್ಕಿಂತ ಹೆಚ್ಚು ರ‍್ಯಾಮ್ ಹಿಡಿದುಕೊಂಡು ಕೂತಿರುತ್ತದೆ. ಜಾಗ ಇಕ್ಕಟ್ಟಾದಾಗ ಅದರಲ್ಲಿ ಒಂದಷ್ಟನ್ನು ತಾನೇ ಬಿಟ್ಟುಕೊಡುತ್ತದೆ. ಒಮ್ಮೆ ಓದಿದ ಫೈಲುಗಳನ್ನು ಮತ್ತೆ ಬೇಕಾದೀತೆಂದು ಇಟ್ಟುಕೊಳ್ಳುವ ‘ಕ್ಯಾಶ್ಡ್’ ಭಾಗವಂತೂ ಕೇಳಿದ ತಕ್ಷಣ ಖಾಲಿಯಾಗುತ್ತದೆ.

ನೋಡಬೇಕಾದದ್ದು ಒಂದೇ: ನೀವು ಒಂದೇ ಹೊತ್ತಿನಲ್ಲಿ ನಿಜವಾಗಿ ಬಳಸುತ್ತಿರುವ ಎಲ್ಲವೂ ರ‍್ಯಾಮ್‌ನೊಳಗೆ ಹಿಡಿಸುತ್ತಿದೆಯೇ? ಹಿಡಿಸುತ್ತಿದ್ದರೆ ಇನ್ನೆಷ್ಟು ರ‍್ಯಾಮ್ ಸುರಿದರೂ ವ್ಯತ್ಯಾಸ ಕಾಣುವುದು ಕಷ್ಟ. ಹಿಡಿಸದಿದ್ದರೆ ವೇಗ ಹಂತಹಂತವಾಗಿ ಇಳಿಯುವುದಿಲ್ಲ, ಧೊಪ್ಪೆಂದು ಬೀಳುತ್ತದೆ.

ಏಕೆ ಹಾಗೆ? ರ‍್ಯಾಮ್‌ನಿಂದ ಒಂದು ಮಾಹಿತಿ ತರಲು ಸುಮಾರು 100 ನ್ಯಾನೊಸೆಕೆಂಡ್ ಸಾಕು. ಚಿಪ್‌ಗಳಲ್ಲಿ ಮಾಹಿತಿ ಉಳಿಸಿಡುವ ಎಸ್‌ಎಸ್‌ಡಿಯಿಂದ ತರಲು 100 ಮೈಕ್ರೊಸೆಕೆಂಡ್ ಆಸುಪಾಸು, ಅಂದರೆ ಸಾವಿರ ಪಟ್ಟು. ತಿರುಗುವ ಹಾರ್ಡ್ ಡಿಸ್ಕ್ ಆದರೆ 10 ಮಿಲಿಸೆಕೆಂಡ್, ಲಕ್ಷ ಪಟ್ಟು. ಜಾಗ ಸಾಲದಾದಾಗ ವಿಂಡೋಸ್ ಮೊದಲು ಬಳಕೆಯಲ್ಲಿಲ್ಲದ ‘ಪುಟ’ಗಳನ್ನು (ಮೆಮೊರಿಯ ಚಿಕ್ಕ ಚಿಕ್ಕ ತುಂಡುಗಳನ್ನು) ರ‍್ಯಾಮ್‌ನಲ್ಲೇ ಹಿಂಡಿ ಚಿಕ್ಕದು ಮಾಡಿಡುತ್ತದೆ. ಇದಕ್ಕೆ ಪ್ರೊಸೆಸರ್ ತುಸು ದುಡಿಯಬೇಕು, ಅಷ್ಟೇ. ಮ್ಯಾಕ್‌ನಲ್ಲಿ ಈ ಉಪಾಯ 2013ರಿಂದ, ವಿಂಡೋಸ್‌ನಲ್ಲಿ 2015ರಲ್ಲಿ ಬಂದ ವಿಂಡೋಸ್ 10ರಿಂದ ಇದೆ. ಅದೂ ಸಾಲದಾದಾಗ ಪುಟಗಳು ಡಿಸ್ಕ್‌ನ ಪೇಜ್‌ಫೈಲ್‌ಗೆ ಹೋಗುತ್ತವೆ.

ಬೆಳಿಗ್ಗೆ ತೆರೆದಿಟ್ಟ ಒಂದು ಟ್ಯಾಬ್ 200 ಎಂಬಿ ಹಿಡಿದಿತ್ತು, ಮಧ್ಯಾಹ್ನದೊಳಗೆ ಅದು ಪೂರ್ತಿ ಪೇಜ್‌ಫೈಲ್ ಸೇರಿತು ಎಂದಿಟ್ಟುಕೊಳ್ಳಿ. ಒಂದೊಂದು ಪುಟ 4 ಕೆಬಿ, ಹಾಗಾಗಿ ಒಟ್ಟು 51,200 ಪುಟ. ಸಂಜೆ ಆ ಟ್ಯಾಬ್ ಮೇಲೆ ಕ್ಲಿಕ್ ಮಾಡಿದಿರಿ. ಪುಟಗಳನ್ನು ಒಂದೊಂದಾಗಿ ಹೆಕ್ಕಿ ತರಬೇಕಾದರೆ ಎಸ್‌ಎಸ್‌ಡಿಗೆ 5 ಸೆಕೆಂಡ್ ಬೇಕು, ಹಾರ್ಡ್ ಡಿಸ್ಕ್‌ಗೆ ಎಂಟೂವರೆ ನಿಮಿಷ. ವಾಸ್ತವದಲ್ಲಿ ಎಲ್ಲ ಪುಟಗಳೂ ಒಟ್ಟಿಗೆ ಬೇಕಾಗುವುದಿಲ್ಲ, ಬೇಕಾದವು ಗುಂಪುಗುಂಪಾಗಿ ಬರುತ್ತವೆ, ಆದ್ದರಿಂದ ಇಷ್ಟು ಹೊತ್ತು ಹಿಡಿಯದು. ಆದರೂ ನಿಮ್ಮ ಬ್ರೌಸರ್ ಸಂಜೆಯೇ ಏಕೆ ತಡವರಿಸುತ್ತದೆ ಎಂಬುದಕ್ಕೆ ಕಾರಣ ಇಲ್ಲಿದ್ದೀತು.

‘ಇದ್ದೀತು’ ಎಂದದ್ದು ಏಕೆಂದರೆ ಅಳೆಯದೆ ರ‍್ಯಾಮ್ ಕೊಳ್ಳಬಾರದು. ಕಂಪ್ಯೂಟರ್ ತಡವರಿಸುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿ ತೆರೆಯಿರಿ. ಅಲ್ಲಿ ‘ಅವೈಲಬಲ್’ ಎಷ್ಟಿದೆ ನೋಡಿ. ಅದು ಒಂದೆರಡು ಜಿಬಿ ಇದ್ದರೆ ತೊಂದರೆ ರ‍್ಯಾಮ್‌ನದ್ದಲ್ಲ. ಕೆಲವು ನೂರು ಎಂಬಿಗೆ ಇಳಿದಿದ್ದರೆ ಅನುಮಾನ ಪಡಿ. ಪಕ್ಕದ ‘ಕಮಿಟೆಡ್’ ಕೆಳಗೆ 11.2/13.5 ಎಂಬಂಥ ಜೋಡಿ ಅಂಕಿ ಇರುತ್ತದೆ. ಮೊದಲನೆಯದು ಪ್ರೋಗ್ರಾಮ್‌ಗಳಿಗೆ ಕೊಡುತ್ತೇನೆಂದು ವಿಂಡೋಸ್ ಮಾತು ಕೊಟ್ಟಿರುವ ಮೆಮೊರಿ, ಎರಡನೆಯದು ರ‍್ಯಾಮ್ ಮತ್ತು ಪೇಜ್‌ಫೈಲ್ ಕೂಡಿದ ಮಿತಿ. 8 ಜಿಬಿ ಯಂತ್ರದಲ್ಲಿ ಮೊದಲನೆಯದು ದಿನವಿಡೀ 11–12ರಲ್ಲಿದ್ದರೆ ಹಾಸಿಗೆ ಗಿಡ್ಡವಾಗಿರಬಹುದು.

ಕೊನೆಯ ಸಾಕ್ಷಿ ವಿಂಡೋಸ್‌ನಲ್ಲೇ ಇರುವ ರಿಸೋರ್ಸ್ ಮಾನಿಟರ್‌ನ ಮೆಮೊರಿ ಪುಟದಲ್ಲಿರುವ ‘ಹಾರ್ಡ್ ಫಾಲ್ಟ್ಸ್’. ರ‍್ಯಾಮ್‌ನಲ್ಲಿ ಸಿಗದೆ ಡಿಸ್ಕ್‌ಗೆ ಹೋಗಬೇಕಾದ ಸಂದರ್ಭಗಳ ಎಣಿಕೆ ಅದು. ಹೊಸ ಪ್ರೋಗ್ರಾಮ್ ತೆರೆಯುವಾಗ ನೂರಾರಕ್ಕೆ ಏರುವುದು ಸಹಜ, ಹೆದರಬೇಡಿ. ಹೊಸದೇನನ್ನೂ ತೆರೆಯದೆ ಟ್ಯಾಬ್ ಬದಲಿಸುತ್ತಿದ್ದಾಗಲೂ ಅದು ನೂರಾರರಲ್ಲೇ ಉಳಿದಿದ್ದರೆ, ಜೊತೆಗೆ ಅವೈಲಬಲ್ ಕೂಡ ತಳ ಕಂಡಿದ್ದರೆ, ರ‍್ಯಾಮ್ ಸಾಲದು. ಮ್ಯಾಕ್‌ನಲ್ಲಿ ಇಷ್ಟು ತಲೆಬಿಸಿ ಇಲ್ಲ: ಆಕ್ಟಿವಿಟಿ ಮಾನಿಟರ್‌ನ ಮೆಮೊರಿ ಪ್ರೆಷರ್ ನಕ್ಷೆ ಹಸಿರಿದ್ದರೆ ಸುಮ್ಮನಿರಿ, ಹಳದಿ ಅಥವಾ ಕೆಂಪಿನಲ್ಲೇ ನಿಂತರೆ ಯೋಚಿಸಿ. ಲಿನಕ್ಸ್‌ನವರು ‘ಫ್ರೀ’ ಕಮಾಂಡ್ ಕೊಟ್ಟು ಅದರ ‘ಫ್ರೀ’ ಕಾಲಂ ನೋಡಿ ಗಾಬರಿಯಾಗುತ್ತಾರೆ; ನೋಡಬೇಕಾದದ್ದು ‘ಅವೈಲಬಲ್’ ಕಾಲಂ.

ಇನ್ನು ಎಷ್ಟಿರಬೇಕು? ವಿಂಡೋಸ್ 11ಕ್ಕೆ ಮೈಕ್ರೊಸಾಫ್ಟ್ ಹೇಳುವ ಕನಿಷ್ಠ ಪ್ರಮಾಣ 4 ಜಿಬಿ. ಅದು ಇನ್‌ಸ್ಟಾಲ್ ಆಗಲು ಬೇಕಾದಷ್ಟು, ನೆಮ್ಮದಿಗೆ ಬೇಕಾದಷ್ಟಲ್ಲ. 4ರಿಂದ 8ಕ್ಕೆ ಹೋದರೆ ಯಂತ್ರವೇ ಬದಲಾದಂತೆ ಅನಿಸುತ್ತದೆ. 8ರಿಂದ 16ಕ್ಕೆ ಹೋದ ವ್ಯತ್ಯಾಸ ಇಪ್ಪತ್ತು ಮೂವತ್ತು ಟ್ಯಾಬ್, ವಿಡಿಯೊ ಮೀಟಿಂಗ್, ದೊಡ್ಡ ಎಕ್ಸೆಲ್ ಫೈಲು ಎಲ್ಲವನ್ನೂ ಒಟ್ಟಿಗೆ ಇಟ್ಟುಕೊಳ್ಳುವವರಿಗೆ ಖಂಡಿತ ತಿಳಿಯುತ್ತದೆ. 2024ರ ಅಕ್ಟೋಬರ್‌ನಲ್ಲಿ ಆಪಲ್ ಕೂಡ ತನ್ನ ಹೊಸ ಮ್ಯಾಕ್‌ಗಳ ಆರಂಭಿಕ ರ‍್ಯಾಮನ್ನು 8ರಿಂದ 16ಕ್ಕೆ ಏರಿಸಿತು. 16ರಿಂದ 32 ಬೇಕಾಗುವುದು ವಿಡಿಯೊ ಎಡಿಟಿಂಗ್ ಮಾಡುವವರಿಗೆ, ವರ್ಚುವಲ್ ಮಷೀನ್ (ಕಂಪ್ಯೂಟರ್‌ನೊಳಗೊಂದು ಕಂಪ್ಯೂಟರ್) ಓಡಿಸುವವರಿಗೆ. ಉಳಿದವರಿಗೆ ಅದು ಮನಸ್ಸಮಾಧಾನ ಮಾತ್ರ.

ಆದರೆ ನಿಮ್ಮದರಲ್ಲಿ ಇನ್ನೂ ಹಾರ್ಡ್ ಡಿಸ್ಕ್ ಇದ್ದರೆ, ರ‍್ಯಾಮ್ ಬಿಡಿ, ಮೊದಲು ಎಸ್‌ಎಸ್‌ಡಿ ಹಾಕಿಸಿ.

ಕೊಳ್ಳುವ ಮುನ್ನ ಟಾಸ್ಕ್ ಮ್ಯಾನೇಜರ್‌ನ ಅದೇ ಪುಟದಲ್ಲಿ ‘ಫಾರ್ಮ್ ಫ್ಯಾಕ್ಟರ್’ ಓದಿ. ‘ಸೋಡಿಮ್’ ಎಂದಿದ್ದರೆ ರ‍್ಯಾಮ್ ತೆಗೆದು ಹಾಕುವಂಥದ್ದು. ‘ರೋ ಆಫ್ ಚಿಪ್ಸ್’ ಎಂದಿದ್ದರೆ ಬಹುತೇಕ ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ, ಬದಲಿಸಲಾಗದು. ಡಿಡಿಆರ್4 ಸ್ಲಾಟ್‌ಗೆ ಡಿಡಿಆರ್5 ಕೂರುವುದೇ ಇಲ್ಲ: ಅವು ರ‍್ಯಾಮ್‌ನ ಬೇರೆ ಬೇರೆ ಪೀಳಿಗೆ, ಕಚ್ಚು ಬೇರೆ ಜಾಗದಲ್ಲಿದೆ. ಎರಡು ಸ್ಲಾಟ್ ಇದ್ದು ಒಂದರಲ್ಲಿ 8 ಜಿಬಿ ಇದ್ದರೆ ಇನ್ನೊಂದು 8 ಜಿಬಿ ಸೇರಿಸುವುದೇ ಜಾಣತನ: ಡಿಡಿಆರ್4-3200 ಒಂದೇ ಇದ್ದಾಗ ಸೆಕೆಂಡಿಗೆ ಗರಿಷ್ಠ 25.6 ಜಿಬಿ ಸಾಗಿಸುತ್ತದೆ, ಜೋಡಿಯಾದರೆ 51.2. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಗೇಮ್ ಆಡುವವರಿಗೆ ಇದು ಕಣ್ಣಿಗೆ ಕಾಣುತ್ತದೆ. ಎರಡರ ವೇಗ ಬೇರೆ ಬೇರೆಯಾದರೆ ಎರಡೂ ನಿಧಾನದ್ದಕ್ಕೆ ಹೊಂದಿಕೊಳ್ಳುತ್ತವೆ.

ಹಾಕುವಾಗ ಶಿಫ್ಟ್ ಒತ್ತಿಹಿಡಿದು ಶಟ್‌ಡೌನ್ ಮಾಡಿ, ಆಗ ಯಂತ್ರ ಪೂರ್ತಿ ಆಫ್ ಆಗುತ್ತದೆ. ಚಾರ್ಜರ್ ಕಿತ್ತು, ಒಳಗಿನ ಬ್ಯಾಟರಿ ಕನೆಕ್ಟರ್ ಬಿಡಿಸಿ, ಯಾವುದಾದರೂ ಲೋಹವನ್ನು ಮುಟ್ಟಿ ಮೈಯ ಸ್ಥಾಯಿ ವಿದ್ಯುತ್ ಕಳೆದುಕೊಳ್ಳಿ. ರ‍್ಯಾಮನ್ನು ಅಂಚಿನಲ್ಲಿ ಹಿಡಿದು ಸುಮಾರು 30 ಡಿಗ್ರಿ ಓರೆಯಾಗಿ ತೂರಿಸಿ, ಚಿನ್ನದ ಬಣ್ಣದ ಪಟ್ಟಿ ಹೆಚ್ಚುಕಡಿಮೆ ಪೂರ್ತಿ ಮರೆಯಾದ ಮೇಲೆ ಕೆಳಕ್ಕೆ ಒತ್ತಿ. ಎರಡೂ ಬದಿಯ ಕ್ಲಿಪ್ ‘ಟಕ್’ ಎನ್ನಬೇಕು. ಆನ್ ಮಾಡಿದಾಗ ಪರದೆ ಬರದಿದ್ದರೆ ಬಹಳಷ್ಟು ಸಲ ರ‍್ಯಾಮ್ ಅರ್ಧ ಮಾತ್ರ ಕೂತಿರುತ್ತದೆ. ಡಿಡಿಆರ್5 ಆದರೆ ಮೊದಲ ಸಲ ಕೆಲವು ನಿಮಿಷ ಕಪ್ಪು ಪರದೆಯೇ ಇರಬಹುದು; ಬೋರ್ಡ್ ಹೊಸ ರ‍್ಯಾಮ್‌ಗೆ ಹೊಂದಿಕೊಳ್ಳುತ್ತಿರುತ್ತದೆ, ಮಧ್ಯೆ ಕರೆಂಟ್ ತೆಗೆಯಬೇಡಿ.

‘ರ‍್ಯಾಮ್ ಕ್ಲೀನರ್’ ಆ್ಯಪ್‌ಗಳ ಗೋಜಿಗೆ ಹೋಗಬೇಡಿ. ಅವು ಪ್ರೋಗ್ರಾಮ್‌ಗಳ ಪುಟಗಳನ್ನು ಬಲವಂತವಾಗಿ ಹೊರದಬ್ಬಿ ಅಂಕಿ ಇಳಿಸುತ್ತವೆ, ಮರುಕ್ಷಣ ಅದೇ ಪುಟಗಳನ್ನು ವಿಂಡೋಸ್ ಮತ್ತೆ ತರಬೇಕು. ರ‍್ಯಾಮ್ ಹೆಚ್ಚಿಸಿದ್ದಾಯಿತೆಂದು ಪೇಜ್‌ಫೈಲ್ ಆಫ್ ಮಾಡುವುದೂ ತಪ್ಪು. ಕಮಿಟೆಡ್ ಮಿತಿ ಕುಗ್ಗುತ್ತದೆ. ಆ ಮಿತಿ ಮುಟ್ಟಿದೊಡನೆ, ರ‍್ಯಾಮ್‌ನಲ್ಲಿ ಇನ್ನೂ ಜಾಗವಿದ್ದರೂ ಪ್ರೋಗ್ರಾಮ್‌ಗಳು ಮುಚ್ಚಿಹೋಗಬಹುದು. ಅಂದಹಾಗೆ, ರ‍್ಯಾಮ್ ಹೆಚ್ಚಾದ ಮೇಲೆ ಸಿ ಡ್ರೈವ್‌ನಲ್ಲಿ ಕೆಲವು ಜಿಬಿ ಮಾಯವಾದರೆ ವೈರಸ್ ಎಂದುಕೊಳ್ಳಬೇಡಿ: ಯಂತ್ರ ಮಲಗುವಾಗ ರ‍್ಯಾಮ್‌ನಲ್ಲಿದ್ದದ್ದನ್ನು ಡಿಸ್ಕ್‌ನಲ್ಲಿ ಉಳಿಸಿಡುವ ಹೈಬರ್‌ನೇಟ್ ಫೈಲ್ ಸಾಮಾನ್ಯವಾಗಿ ರ‍್ಯಾಮ್‌ನ ಶೇ 40ರಷ್ಟಿರುತ್ತದೆ, 8 ಜಿಬಿಗೆ 3.2 ಇದ್ದದ್ದು 16ಕ್ಕೆ 6.4 ಆಗುತ್ತದೆ.